ಅದಿರಿನ ಗೋಡೆ ಮತ್ತು ತಂತಿಯಿಲ್ಲದ ಸ್ವಿಚ್ಚು

ಹೊಸಪೇಟೆಯಲ್ಲಿ ನನ್ನನ್ನು ಬಲ್ಲವರು ಇವತ್ತಿಗೂ ವೈರ್‌ಮನ್ ಕೊಟ್ರೇಶಣ್ಣ ಅಂತಲೇ ಕರೆಯುತ್ತಾರೆ. ಮೊಣಕಾಲು ನೋವು ಏಣಿ ಹತ್ತುವುದನ್ನು ಬಿಡಿಸಿತು, ಹೆಸರು ಮಾತ್ರ ಬಿಡಲಿಲ್ಲ. ಐಟಿಐ ಮುಗಿಸಿ ಹೊಸದಾಗಿ ಈ ಕೆಲಸಕ್ಕೆ ಇಳಿದವರು ಆಗಾಗ ಮನೆಗೆ ಬಂದು ಮೊಬೈಲಿನಲ್ಲಿ ಏನೇನೋ ತೋರಿಸುತ್ತಾರೆ. "ಕಾಕಾ, ಮನಿ ಲೈಟು, ಹೋಂ ಥಿಯೇಟರು ಎಲ್ಲಾ ತಂತಿ ಇಲ್ದಂಗ ನಡಿಬೇಕಂತ ಪಾರ್ಟಿ ಕೇಳಾಕತ್ತೈತಿ. ಯಾವ ಕಂಪನಿ ಮಾಲು ಹಾಕೋಣು?" ಎಂಬುದು ಅವರ ಪ್ರಶ್ನೆ. ಕಂಪನಿ ಹೆಸರು ಆಮೇಲೆ ನೋಡೋಣ, ಮೊದಲು ಆ ಮನೆಯಲ್ಲಿ ಯಾರ್‍ಯಾರು ಇದ್ದಾರೆ ಹೇಳಿ ಎನ್ನುತ್ತೇನೆ. ಮುದುಕನಿಗೆ ಅರಳುಮರಳು ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಹಾ ಕುಡಿದು ಹೋಗುತ್ತಾರೆ. ನಾನೇಕೆ ಹಾಗೆ ಕೇಳುತ್ತೇನೆ ಎಂಬುದನ್ನು ಬಾಯಲ್ಲಿ ಹೇಳಹೋದರೆ ಅವರಿಗೆ ಕೇಳುವಷ್ಟು ಪುರುಸೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಕಂಪ್ಲಿಯ ಅಕ್ಕಿ ಗಿರಣಿಗಳಲ್ಲಿ. ಗೋಡೆಗೆ ಮರದ ಪಟ್ಟಿ ಬಡಿದು, ಅದರ ಮೇಲೆ ತಂತಿ ಕೂರಿಸಿ, ತಗಡಿನ ಕ್ಲಿಪ್ಪು ಮಡಚುತ್ತಿದ್ದ ಕಾಲ ಅದು. ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಚಿಕ್ಕ ಮಕ್ಕಳೂ ಬೆರಳು ಮಾಡಿ ತೋರಿಸಬಹುದಿತ್ತು. ಆಮೇಲೆ ಗೋಡೆ ಕೊರೆದು ಪೈಪು ಹೂಳುವ ಪದ್ಧತಿ ಬಂದು ತಂತಿ ಕಣ್ಣಿಗೆ ಮರೆಯಾಯಿತು. ಕೊನೆಗೆ ತಂತಿಯೇ ಬೇಡ ಎನ್ನುವ ಕಾಲ ಬಂತು. ನಾನು ಈ ಮೂರನ್ನೂ ಮಾಡಿದವನು. ಮೂರರಲ್ಲೂ ಬೈಸಿಕೊಂಡಿದ್ದೇನೆ.

ಬೈಯುತ್ತಿದ್ದವರು ಶೇಖಣ್ಣ. ಹೊಸಪೇಟೆಯಲ್ಲಿ ಅವರ ಎಲೆಕ್ಟ್ರಿಕಲ್ ಅಂಗಡಿ, ನಾನು ಅಲ್ಲಿಯ ಹಿರಿಯ ಮೇಸ್ತ್ರಿ. ಬೆಂಗಳೂರಿಗೆ ಏನು ಹೊಸದು ಬಂದರೂ ಅದು ಮರುವಾರ ತಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿ ಇರಲೇಬೇಕು ಎನ್ನುವ ಆಸಾಮಿ ಅವರು. ಅದು ಹೇಗೆ ನಡೆಯುತ್ತದೆ ಎಂದು ತಿಳಿಯುವ ಹೊಣೆ ಮಾತ್ರ ನನ್ನದು. ತಂತಿಯಿಲ್ಲದ ಲೈಟಿನ ಪೆಟ್ಟಿಗೆ ಮೊದಲು ಬಂದ ದಿನ ಅಂಗಡಿಯ ಅಟ್ಟದ ಮೇಲೆ ಒಂದು ಬಲ್ಬು ನೇತುಹಾಕಿ, ಕೆಳಗೆ ಕುರ್ಚಿಯಲ್ಲಿ ಕುಳಿತು, ರಿಮೋಟು ಒತ್ತಿ ಹತ್ತಿಸಿ ಆರಿಸಿ, ಹತ್ತಿಸಿ ಆರಿಸಿ, ಮಧ್ಯಾಹ್ನದ ಊಟವನ್ನೇ ಮರೆತರು. ಅವರಿಗೆ ಅರವತ್ತರ ಹತ್ತಿರ ವಯಸ್ಸು ಆಗ. ಅವತ್ತು ಅವರ ಮುಖ ನೋಡಿ ನನಗೂ ಖುಷಿಯಾಯಿತು.

ಅದು ಗಣಿ ಉಕ್ಕಿ ಹರಿದ ಕಾಲ. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿದ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ರಸ್ತೆಯ ಪಕ್ಕದ ಬೇವಿನ ಮರಗಳು ಯಾವ ಬಣ್ಣದವು ಎಂದು ಮಳೆ ಬಂದಾಗಲಷ್ಟೇ ಗೊತ್ತಾಗುತ್ತಿತ್ತು. ನಿನ್ನೆ ಮೊನ್ನೆ ಮೆಟ್ರಿಯಲ್ಲಿ, ಎಮ್ಮಿಗನೂರಿನಲ್ಲಿ ಭತ್ತ ಬೆಳೆಯುತ್ತಿದ್ದವರು ಒಂದು ಲಾರಿ ಕೊಂಡರು, ಆಮೇಲೆ ನಾಲ್ಕು ಕೊಂಡರು, ಆಮೇಲೆ ಹೊಸಪೇಟೆಯಲ್ಲಿ ಸೈಟು ಕೊಂಡು ಅರಮನೆಯಂಥ ಮನೆ ಎಬ್ಬಿಸಿದರು. ಆ ಜನರನ್ನು ಈಗ ಬೈಯುವುದು ಭಾಳ ಸುಲಭ. ಗುಡ್ಡಕ್ಕೆ ಆದದ್ದು ನನಗೂ ಗೊತ್ತು, ಅದು ಸರಿ ಎಂದು ಹೇಳಲಾರೆ. ಆದರೆ ನಾನು ಅವರ ಮನೆಗಳ ಒಳಗೆ ಏಣಿ ಹಾಕಿ ನಿಂತವನು. ಸೀಮೆಎಣ್ಣೆ ಬುಡ್ಡಿಯ ಹೊಗೆಯಲ್ಲಿ ಅಕ್ಷರ ಕಲಿತ ಮನುಷ್ಯ ಹಾಸಿಗೆಯಲ್ಲಿ ಮಲಗಿಕೊಂಡೇ ಅಂಗಳದ ದೀಪ ಹತ್ತಿಸಿ ಮಗುವಿನಂತೆ ನಕ್ಕದ್ದನ್ನು ಕಂಡವನು. ನನಗೆ ಬೈಯಲು ಬಾಯಿ ಬರುವುದಿಲ್ಲ.

ತಂತಿಯಿಲ್ಲದ ಸಾಮಾನು ನಮ್ಮ ಕಡೆ ಓಡಿದ್ದಕ್ಕೆ ದೊಡ್ಡ ಕಾರಣ ಅಮೃತಶಿಲೆ. ಮನೆ ಪೂರ್ತಿ ಮುಗಿದು, ಗೋಡೆಗೆಲ್ಲ ಹೊಳೆಯುವ ಕಲ್ಲು ಮೆತ್ತಿ, ಬಣ್ಣ ಬಳಿದ ಮೇಲೆ ಧಣಿಗಳು ಬೀಗರ ಮನೆಗೆ ಹೋಗುವರು. ಅಲ್ಲಿ ಹೋಂ ಥಿಯೇಟರು ನೋಡುವರು. ಮರುದಿನ ಬೆಳಿಗ್ಗೆ ನನಗೆ ಫೋನು. ಹೊಸ ತಂತಿ ಎಳೆಯಬೇಕೆಂದರೆ ಕಲ್ಲು ಒಡೆಯಬೇಕು, ಕಲ್ಲು ಒಡೆಯುತ್ತೇನೆ ಎಂದರೆ ನನ್ನ ತಲೆ ಒಡೆಯುತ್ತಾರೆ. ಅಂಥ ಮನೆಗೆ ತಂತಿಯಿಲ್ಲದ್ದೇ ಗತಿ. ಇನ್ನೂ ಇಟ್ಟಿಗೆ ಕಾಣುತ್ತಿರುವ ಮನೆಯಾದರೆ ನಾನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಿದ್ದೆ: ಧಣಿ, ಈಗಲೇ ಪೈಪು ಹೂಳಿಸಿ ತಂತಿ ಎಳೆಸಿಬಿಡ್ರಿ, ಅದರಷ್ಟು ನಂಬಿಗಸ್ತ ಬೇರೊಂದಿಲ್ಲ, ತಂತಿ ಮುಟ್ಟದ ಕಡೆಗೆ ಮಾತ್ರ ಇದನ್ನು ಹಾಕೋಣ ಅಂತ. ಶೇಖಣ್ಣ ಹಲ್ಲು ಕಡಿಯುತ್ತಿದ್ದರು. "ಲೇ ಕೊಟ್ರ್ಯಾ, ಗಿರಾಕಿ ಮುಂದ ಇಷ್ಟು ಖರೇ ಮಾತಾಡಬ್ಯಾಡಲೇ, ಅಂಗಡಿ ಬಾಗ್ಲಾ ಹಾಕ್ಬೇಕಾಕ್ಕೈತಿ" ಎಂದು ಗದರಿಸಿ, ಮರುದಿನ ತಾವೇ ಹೋಗಿ ಗಿರಾಕಿಗೆ ಅದನ್ನೇ ಹೇಳಿ ಬರುತ್ತಿದ್ದರು. ಅವರ ಕೈಕೆಳಗೆ ಅಷ್ಟು ವರ್ಷ ಇದ್ದದ್ದು ಆ ಕಾರಣಕ್ಕೇ.

ಸಂಡೂರಿನ ಒಂದು ಮನೆ ನೆನಪಾಗುತ್ತದೆ. ಅದಿರು ಲಾರಿ ಓಡಾಡುವ ರಸ್ತೆಗೆ ಹತ್ತಿಕೊಂಡೇ ಇತ್ತು. ಅಲ್ಲಿ ಮೊದಲು ಹಾಕಿದ್ದು ಟಿವಿ ರಿಮೋಟಿನ ಜಾತಿಯದು. ಅಂದರೆ ಕಣ್ಣಿಗೆ ಕಾಣದ ಬೆಳಕನ್ನು ಬಿಟ್ಟು, ಎದುರಿನ ಪೆಟ್ಟಿಗೆಯ ಸಣ್ಣ ಕಣ್ಣಿಗೆ ತಾಕಿಸಿ ಕೆಲಸ ಮಾಡಿಸುವಂಥದ್ದು. ಹಾಕಿದ ವಾರಕ್ಕೇ ಕೆಟ್ಟಿತು ಅಂತ ಕರೆ. ನಾನು ಹೋದೆ, ಪಂಚೆಯ ಚುಂಗಿನಿಂದ ಆ ಕಣ್ಣನ್ನು ಒರೆಸಿದೆ, ನಡೆಯಿತು. ಮತ್ತೆ ಕರೆ, ಮತ್ತೆ ಹೋದೆ, ಮತ್ತೆ ಒರೆಸಿದೆ. "ಏನ್ ಮಾರಾಯ, ನೀ ಮುಟ್ಟಿದ್ರ ನಡಿತೈತಿ, ನಾ ಮುಟ್ಟಿದ್ರ ನಡಿಯಂಗಿಲ್ಲ. ಮಂತ್ರ ಏನರ ಹಾಕ್ತಿಯೇನು?" ಎಂದು ಮನೆ ಯಜಮಾನ ಕೇಳಿದ. ಮಂತ್ರ ಅಲ್ರೀ, ನಿಮ್ಮದೇ ಗುಡ್ಡದ ಧೂಳು ಎಂದು ಚುಂಗಿನ ಕೆಂಪು ತೋರಿಸಿದೆ. ಕಿಟಕಿ ಎಷ್ಟು ಬಿಗಿಯಾಗಿ ಮುಚ್ಚಿದರೂ ಆ ಧೂಳು ಒಳಗೆ ಬಂದೇ ಬರುತ್ತಿತ್ತು. ಕೊನೆಗೆ ಅದನ್ನೆಲ್ಲ ಕಿತ್ತು ರೇಡಿಯೋ ಅಲೆಯಲ್ಲಿ ನಡೆಯುವ ಸೆಟ್ಟು ಕೂರಿಸಿದೆವು. ಅದಕ್ಕೆ ಧೂಳಿನ ಹಂಗಿಲ್ಲ, ಗೋಡೆಯಾಚೆಗೂ ಹೋಗುತ್ತದೆ.

ಗೋಡೆಯಾಚೆಗೂ ಹೋಗುತ್ತದೆ ಎಂಬುದೇ ಕಮಲಾಪುರದಲ್ಲಿ ತಾಪತ್ರಯ ತಂದಿತು. ಅಲ್ಲಿ ಅಣ್ಣ ತಮ್ಮ ಇಬ್ಬರು ಒಂದೇ ನಡುಗೋಡೆ ಇಟ್ಟು ಎರಡು ಮನೆ ಕಟ್ಟಿಸಿದ್ದರು. ಬಚ್ಚಲ ನೀರು ಹೋಗುವ ದಾರಿಗೆ ಜಗಳವಾಗಿ ಇಬ್ಬರ ನಡುವೆ ಮಾತು ನಿಂತಿತ್ತು. ಅಣ್ಣ ನಮ್ಮಲ್ಲಿ ಲೈಟಿನ ಸೆಟ್ಟು ಹಾಕಿಸಿದ. ಅದು ಗೊತ್ತಾಗಿ ತಮ್ಮನೂ ಅದನ್ನೇ ಹಾಕಿಸಿದ. ಆ ಕಾಲದ ಸೆಟ್ಟುಗಳಲ್ಲಿ ಮನೆಗೊಂದು ಗುರುತು ಇರಲಿ ಅಂತ ಸಣ್ಣ ತಿರುಗಣಿ ಇರುತ್ತಿತ್ತು, ಅದನ್ನು ತಿರುಗಿಸಿ ಬೇರೆ ಬೇರೆ ಅಕ್ಷರಕ್ಕೆ ನಿಲ್ಲಿಸಬೇಕು. ನಾವು ಎರಡನ್ನೂ ಕಂಪನಿಯಿಂದ ಬಂದ ಅಕ್ಷರದಲ್ಲೇ ಬಿಟ್ಟಿದ್ದೆವು. ಅಣ್ಣ ಸಿನಿಮಾ ನೋಡಲು ತನ್ನ ಪಡಸಾಲೆಯ ಲೈಟು ಸಣ್ಣಗೆ ಮಾಡಿದರೆ, ತಮ್ಮನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೆ ಒಲೆಯ ಮೇಲಿನ ಲೈಟು ಸಣ್ಣಗಾಗುತ್ತಿತ್ತು. ಆಕೆ ಸಿಟ್ಟಿನಿಂದ ಪೂರ್ತಿ ಹತ್ತಿಸಿದರೆ ಆಚೆ ಸಿನಿಮಾ ಹಾಳು. ಇದು ಬೇಕಂತಲೇ ಮಾಡುವ ಕಿತಾಪತಿ ಎಂದು ಇಬ್ಬರಿಗೂ ಖಾತ್ರಿಯಾಯಿತು.

ಒಂದು ದಿನ ಇಬ್ಬರೂ ಒಟ್ಟಿಗೇ ಅಂಗಡಿಗೆ ನುಗ್ಗಿ, "ಇವ ಏನ್ ಮಾಡ್ಯಾನ ಕೇಳ್ರಿ", "ಮದಲ ಇವನ್ನ ಕೇಳ್ರಿ" ಎಂದು ಕೂಗಾಡಿದರು. ಶೇಖಣ್ಣ ನನ್ನನ್ನು ಸುಟ್ಟುಬಿಡುವಂತೆ ನೋಡಿ, ಒಬ್ಬನ ಪೆಟ್ಟಿಗೆ ತರಿಸಿ, ಪೆನ್ನಿನ ತುದಿಯಿಂದ ತಿರುಗಣಿಯನ್ನು ಒಂದು ಅಕ್ಷರ ಮುಂದಕ್ಕೆ ಸರಿಸಿದರು. ಜಗಳ ಅಲ್ಲಿಗೆ ಮುಗಿಯಿತು. "ನಮ್ಮ ತಪ್ಪಿಗೆ ನಾನು ಕ್ಷಮೆ ಕೇಳ್ತೀನಿ. ಆದ್ರ ನೀವಿಬ್ರೂ ಜಗಳಕ್ಕಾದ್ರೂ ಮಾತಾಡಿದ್ರಲ್ಲ, ಅದು ಚೊಲೋ ಆತು" ಎಂದರು ಶೇಖಣ್ಣ. ಹೊರಗೆ ಹೋಗಿ ತಮ್ಮನಾದವನು ಸ್ಕೂಟರು ತೆಗೆದ, ಅಣ್ಣ ಅದರ ಹಿಂದೆ ಕುಳಿತ. ಬಚ್ಚಲ ನೀರಿನ ವಿಷಯ ಏನಾಯಿತೋ ನನಗೆ ಗೊತ್ತಿಲ್ಲ.

ಇಂಥವು ಎಷ್ಟೋ ಇವೆ. ಕರೆಂಟು ಹೋಗಿ ಬಂದಾಗ ಇಡೀ ಮನೆಯ ದೀಪ ತಾನಾಗಿ ಝಗ್ಗನೆ ಹತ್ತಿಕೊಂಡು ದೆವ್ವದ ಮಾತು ಹುಟ್ಟಿದ್ದಿದೆ. ಸುರುಳಿ ಬಲ್ಬಿಗೆ ಬೆಳಕು ತಗ್ಗಿಸುವ ಪೆಟ್ಟಿಗೆ ಜೋಡಿಸಿ ಅದು ಜೇನಿನಂತೆ ಗುಂಯ್ ಅಂದದ್ದಿದೆ. ನೀವೂ ಮಾಡುತ್ತೀರಿ, ಮಾಡಿ ಕಲಿಯುತ್ತೀರಿ. ನಾನು ನಿಜವಾಗಿ ಹೇಳಬೇಕೆಂದು ಕುಳಿತದ್ದು ಪಂಪಾಪತಿಯ ಮನೆಯ ಸಂಗತಿ.

ಪಂಪಾಪತಿ ಎಮ್ಮಿಗನೂರಿನವನು. ಅಪ್ಪ ಬೇಗ ತೀರಿಕೊಂಡ. ತಾಯಿ ಈರಮ್ಮ ಗದ್ದೆ ಕೆಲಸ ಮಾಡಿ ಮಗನನ್ನು ಬೆಳೆಸಿದಳು. ಲಾರಿ ಕ್ಲೀನರ್ ಆಗಿ ಶುರು ಮಾಡಿದ ಹುಡುಗ ಲಾರಿ ಧಣಿಯಾದ, ಸಂಡೂರಿನ ಹತ್ತಿರ ಸಣ್ಣದೊಂದು ಗಣಿಯಲ್ಲಿ ಪಾಲು ಹಿಡಿದ. ಹೊಸಪೇಟೆಯಲ್ಲಿ ಅವನು ಕಟ್ಟಿಸುತ್ತಿದ್ದ ಮನೆಗೆ ನಾನು ಹೋದಾಗ ಕಲ್ಲು ಹೊದಿಸುವ ಕೆಲಸ ಮುಗಿದೇ ಹೋಗಿತ್ತು. ಮಹಡಿಯ ಮೇಲಿನ ದೊಡ್ಡ ಕೋಣೆಗೆ ನನ್ನನ್ನು ಕರೆದುಕೊಂಡು ಹೋಗಿ, "ಕೊಟ್ರೇಶಣ್ಣ, ಇದು ನಮ್ಮವ್ವಗ" ಎಂದ.

ಏನು ಅಂತ ನಾನು ಕೇಳಿದೆ.

"ಟಾಕೀಸು" ಎಂದ. "ನಮ್ಮವ್ವಗ ಪಿಚ್ಚರ್ ಅಂದ್ರ ಜೀವ ಇತ್ತು. ಅಪ್ಪ ಇದ್ದಾಗ ಕಂಪ್ಲಿಗೆ ನಡಕೋಂತ ಹೋಗಿ ಟೆಂಟಿನ್ಯಾಗ ಕುಂತು ನೋಡ್ತಿದ್ಲು. ಅಪ್ಪ ಹೋದ ಮ್ಯಾಲ ಒಂದಿನಾನೂ ಹೋಗಲಿಲ್ಲ. ಯಾರೇನ್ ಅಂತಾರೋ ಅಂತ. ಈಗ ಯಾರೂ ಏನೂ ಅನ್ನಂಗಿಲ್ಲಲ್ಲ, ಮನ್ಯಾಗ ಐತಿ. ಅವ್ವ ಒಂದು ಬಟನ್ ಒತ್ತಬೇಕು, ಲೈಟು ಆರಬೇಕು, ಪರದೆ ಇಳಿಬೇಕು, ಪಿಚ್ಚರ್ ಶುರು ಆಗಬೇಕು. ಆಕಿ ಭಾಳ ಇಷ್ಟಪಡೋ ಹಳೇ ಪಿಚ್ಚರಿನ ಡಿಸ್ಕು ಹುಡುಕಿಸಿ ಇಟ್ಟೀನಿ. ಗೃಹಪ್ರವೇಶದ ದಿನ ಮೊದಲನೇ ಆಟ."

ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ನನಗೂ ಹುರುಪು ಬಂತು. ಶೇಖಣ್ಣನೂ ಕೈ ಸಡಿಲಿಸಿ ಒಳ್ಳೆಯ ಮಾಲನ್ನೇ ತರಿಸಿದರು. ಇಡೀ ಮನೆಯ ದೀಪಗಳಿಗೆ ರೇಡಿಯೋ ಅಲೆಯ ಸೆಟ್ಟು, ಗೋಡೆಗಳಿಗೆ ಬೆರಳು ತಾಕಿದರೆ ಸಾಕು ಎನ್ನುವ ನುಣುಪು ಗಾಜಿನ ಫಲಕಗಳು, ಮಹಡಿಯ ಮೇಲೆ ಟಾಕೀಸು. ಡಿಸ್ಕಿನ ಪೆಟ್ಟಿಗೆ, ಸ್ಪೀಕರು ಪರದೆಯ ಕಡೆಗೇ ಇಟ್ಟೆವು; ಪ್ರೊಜೆಕ್ಟರಿನ ಫ್ಯಾನು ಸದ್ದು ಮಾಡಬಾರದೆಂದು ಅದೊಂದನ್ನು ಮಾತ್ರ ಹಿಂದಿನ ಸಣ್ಣ ಕೋಣೆಯಲ್ಲಿಟ್ಟು, ಗೋಡೆಯಲ್ಲಿ ಗಾಜಿನ ಕಿಂಡಿ ಬಿಡಿಸಿದೆವು. ಒಂದೇ ಬಟನ್ನಿಗೆ ಎಲ್ಲವೂ ಸರದಿಯಂತೆ ನಡೆಯುವ ಹಾಗೆ ಕೂರಿಸಿ ನೋಡಿದೆ, ಚೆನ್ನಾಗಿ ನಡೆಯಿತು.

ಮನೆ ಪೂರ್ತಿ ಮುಗಿಯುವ ಮೊದಲೇ ಕೆಳಗಿನ ಎರಡು ಕೋಣೆಗಳಲ್ಲಿ ಈರಮ್ಮ ಬಂದು ಇದ್ದಳು. ಕೆಲಸಗಾರರಿಗೆಲ್ಲ ಚಹಾ ಮಾಡಿಕೊಡುವುದು ಆಕೆಯ ಹಟ. ಗಾಜಿನ ಫಲಕ ಕಂಡರೆ ಮಾತ್ರ ಆಕೆಗೆ ಆಗುತ್ತಿರಲಿಲ್ಲ. "ತಮ್ಮಾ, ನಾ ಮಲಗೋ ಖೋಲಿಗೆ ಹಳೇ ನಮೂನಿ ಸ್ವಿಚ್ಚು ಹಾಕು. ಟಕ್ ಅಂತ ಅನ್ನಬೇಕು" ಎಂದು ದಿನವೂ ಅನ್ನುವಳು. ವಯಸ್ಸಾದವರ ಮೊಂಡುತನ ಎಂದುಕೊಂಡು ನಾನು ನಕ್ಕು ಬಿಡುತ್ತಿದ್ದೆ. ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ಏಣಿಯ ಮೇಲೆ ಸದ್ದಿಲ್ಲದೆ ನಿಂತು ತಂತಿ ಸುಲಿಯುತ್ತಿದ್ದೆ. ಈರಮ್ಮ ಚಹಾ ಹಿಡಿದು ಬಂದಳು. ಗೋಡೆಗೆ ಅಂಗೈ ಸವರುತ್ತ ಬಂದಳು. ಯಾರೂ ಕುಳಿತಿರದ ಕುರ್ಚಿಯ ಕಡೆ ಮುಖ ಮಾಡಿ, "ತಗೋ ತಮ್ಮಾ, ಬಿಸಿ ಐತಿ" ಎಂದು ಚಹಾ ಚಾಚಿದಳು.

 "ತಾ ಯವ್ವಾ" ಎನ್ನುತ್ತ ಕೆಳಗಿಳಿದು ಆಕೆಯ ಕೈಯಿಂದ ಲೋಟ ತೆಗೆದುಕೊಂಡೆ. ನನ್ನ ದನಿ ಬಂದ ದಿಕ್ಕಿಗೆ ಆಕೆ ತಟ್ಟನೆ ತಿರುಗಿದಳು, ತಾನು ಸಿಕ್ಕಿಬಿದ್ದದ್ದು ಆಕೆಗೂ ತಿಳಿಯಿತು.

"ಎಷ್ಟು ದಿನಾತು ಯವ್ವಾ?" ಎಂದು ಕೇಳಿದೆ.

"ಸಾವಕಾಶ ಹೋದ್ವಪ್ಪ ಕಣ್ಣು" ಎಂದಳು. "ಕಂಪ್ಲ್ಯಾಗಿನ ನನ್ನ ತಂಗಿ ದವಾಖಾನಿಗೆ ಕರಕೊಂಡು ಹೋಗಿದ್ಲು. ಕಣ್ಣಿನ ನರ ಒಣಗ್ಯಾವಂತ. ಹೋದದ್ದು ಬರಂಗಿಲ್ಲಂತ. ಹನಿ ಕೊಟ್ಟಾರ, ದಿನಾ ಹಾಕ್ಕೋತೀನಿ. ಹಗಲಿನ್ಯಾಗ ಕಿಡಕಿ ಎಲ್ಲೈತಿ ಅಷ್ಟು ಗೊತ್ತಾಕ್ಕೈತಿ."

"ಧಣಿಗೆ ಹೇಳಿಲ್ಲೇನು?"

ಆಕೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು. "ನೀನೂ ಹೇಳಬ್ಯಾಡ. ಮ್ಯಾಲ ಏನು ಕಟ್ಟಾಕತ್ತಾನ ನಿನಗ ಗೊತ್ತೈತಿಲ್ಲ? ನಸುಕಿನ್ಯಾಗ ಗಣಿಗೆ ಹೋಗಿ, ಮೈಯೆಲ್ಲ ಕೆಂಪು ಮಾಡ್ಕೊಂಡು ಬಂದು, ನನ್ನ ಮುಂದ ಕುಂತು ಬರೇ ಅದೇ ಮಾತು. ಅವ್ವಾ, ನೀ ನಡುವಿನ ಖುರ್ಚಿ ಮ್ಯಾಲ ಕುಂದ್ರಬೇಕು ಅಂತಾನ. ನನಗ ಕಾಣಂಗಿಲ್ಲೋ ಅಂತ ಹೆಂಗ ಹೇಳ್ಲಿ? ಅವನ ಎದಿ ಒಡದು ಹೋಗ್ತೈತಿ."

 ಹೇಳಿಬಿಡ್ರಿ, ಮಗ ತಾನೇ, ತಡಕೊಳ್ಳುತ್ತಾನೆ ಎಂದೆ. ಗೃಹಪ್ರವೇಶ ಒಂದು ಮುಗಿಯಲಿ ಎಂದಳು. ಆಕೆಯ ಕಣ್ಣು, ಆಕೆಯ ಮಗ, ನಡುವೆ ನಾನ್ಯಾರು ಎಂದು ಸುಮ್ಮನಾದೆ. ಆದರೆ ಅವತ್ತಿನಿಂದ ಮೇಲಿನ ಟಾಕೀಸಿಗೆ ಕೈ ಹಚ್ಚಿದಾಗಲೆಲ್ಲ ಎದೆ ಭಾರವಾಗುತ್ತಿತ್ತು. ಮಗ ಒಂದೊಂದು ದೀಪ ಹತ್ತಿಸಿ, "ಅವ್ವಗ ಇದು ಕಣ್ಣಿಗೆ ಕುಕ್ಕಂಗಿಲ್ಲಲ್ಲ?" ಎಂದು ಕೇಳುವನು. ಇಲ್ಲ ಧಣಿ ಎನ್ನುವೆ.

ನನ್ನ ಕೈಲಿ ಆಗುವುದನ್ನಂತೂ ಮಾಡಿದೆ. ಹುಡುಗರೇ, ಇದನ್ನು ಗಮನವಿಟ್ಟು ಓದಿ. ತಂತಿಯಿಲ್ಲದ ಸ್ವಿಚ್ಚಿನ ದೊಡ್ಡಸ್ತಿಕೆ ಇರುವುದು ಸೋಫಾ ಮೇಲೆ ಕುಳಿತು ಲೈಟು ಆರಿಸುವುದರಲ್ಲಲ್ಲ. ಅದನ್ನು ಎಲ್ಲಿ ಬೇಕೋ ಅಲ್ಲಿ ಅಂಟಿಸಬಹುದು, ಅದೇ ಅದರ ಗುಣ. ಬ್ಯಾಟರಿಯ ಮೇಲೆ ನಡೆಯುವ, ಒತ್ತಿದರೆ ಟಕ್ ಎನ್ನುವ ಬಟನ್ನುಗಳು ಶೇಖಣ್ಣನ ಕಪಾಟಿನಲ್ಲಿ ಮೂಲೆ ಸೇರಿದ್ದವು. ಅವನ್ನು ತಂದೆ. ಈರಮ್ಮ ಮಂಚದಿಂದ ಎದ್ದರೆ ಕೈ ಎಲ್ಲಿ ಊರುತ್ತಾಳೆ, ಬಚ್ಚಲಿಗೆ ಹೋಗುವಾಗ ಗೋಡೆ ಎಲ್ಲಿ ಹಿಡಿಯುತ್ತಾಳೆ, ಅಡುಗೆಮನೆಯ ಬಾಗಿಲಲ್ಲಿ ಎಲ್ಲಿ ನಿಲ್ಲುತ್ತಾಳೆ ಎಂದು ನೋಡಿ ನೋಡಿ, ಆ ಕೈ ಬೀಳುವ ಜಾಗಕ್ಕೇ ಒಂದೊಂದು ಬಟನ್ನು ಅಂಟಿಸಿದೆ. ಹತ್ತಿಸುವ ಕಡೆಗೆ ಅಂಟಿನ ಒಂದು ಹನಿ ಬಿಟ್ಟು ಒಣಗಿಸಿದೆ, ಬೆರಳಿಗೆ ಸಣ್ಣ ಗುಬುಟು ಸಿಗಲಿ ಅಂತ. ಅವತ್ತು ಸಂಜೆ ಆಕೆ ಟಕ್ ಎಂದು ದೀಪ ಹತ್ತಿಸಿ, ಮೇಲೆ ದೀಪ ಇರುವ ಕಡೆ ಮುಖ ಎತ್ತಿ ಕೈ ಮುಗಿದಳು. ಮುಸ್ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಕಡೆ ಎಲ್ಲರೂ ಮಾಡುವಂತೆಯೇ. ಕಣ್ಣಿದ್ದವರು ಯಾರು ನೋಡಿದರೂ ಅನುಮಾನ ಬರುತ್ತಿರಲಿಲ್ಲ. ನಾನು ನಾಲ್ವತ್ತು ವರ್ಷ ಮಾಡಿದ ಕೆಲಸದಲ್ಲಿ ಅಷ್ಟು ಸಮಾಧಾನ ಕೊಟ್ಟದ್ದು ಮತ್ತೊಂದಿಲ್ಲ.

ಗೃಹಪ್ರವೇಶದ ದಿನ ಮಧ್ಯಾಹ್ನ ಊಟದ ಹೊತ್ತಿಗೆ ನಾನು ಮತ್ತು ಶೇಖಣ್ಣ ಹೋದೆವು. ಮೇಲೆ ಟಾಕೀಸಿಗೆ ಕಾಲಿಟ್ಟವನೇ ಬಾಗಿಲಲ್ಲೇ ನಿಂತುಬಿಟ್ಟೆ. ನಾನು ಕೆಲಸ ಮುಗಿಸಿ ಹೋದ ಮೇಲೆ ಹಿಂದಿನ ಗೋಡೆ ಪೂರ್ತಿ ಬದಲಾಗಿತ್ತು. ಗಾಜಿನ ಕಿಂಡಿಯಷ್ಟನ್ನು ಬಿಟ್ಟು ಅಡಿಯಿಂದ ಮೇಲಿನವರೆಗೆ ಅದಿರು. ಕೆಂಪು ಕಪ್ಪು ಮಿಶ್ರದ, ಕೈಗೆ ಭಾರವಾಗಿ ತೂಗುವ ಕಲ್ಲಿನ ಗಟ್ಟಿಗಳನ್ನು ಒಂದರ ಪಕ್ಕ ಒಂದು ಕೂರಿಸಿ, ಮೇಲೆ ಹೊಳಪು ಎಣ್ಣೆ ಬಳಿಸಿದ್ದರು.

"ಹೆಂಗೈತಿ ಕೊಟ್ರೇಶಣ್ಣ?" ಎಂದು ಪಂಪಾಪತಿ ಹಿಗ್ಗಿನಿಂದ ಕೇಳಿದ. "ಮೊದಲನೇ ಸಲ ಗಣಿ ಕಡದಾಗ ಬಂದ ಅದಿರು. ಪೂಜಿ ಮಾಡಿ ತಗದಿಟ್ಟಿದ್ದೆ, ಮಾರಿರಲಿಲ್ಲ. ನಮಗ ಅನ್ನ ಕೊಟ್ಟ ಕಲ್ಲು, ಅವ್ವನ ಬೆನ್ನಿಗಿರ್ಲಿ ಅಂತ ಹಾಕಿಸಿದೆ. ಭಾರ ತಡಿಬೇಕಲ್ಲ, ಹಿಂದ ಪೂರಾ ಕಬ್ಬಿಣದ ಜಾಳಿಗಿ ಕಟ್ಸೀನಿ."

ಕಬ್ಬಿಣದ ಜಾಳಿಗೆ, ಅದರ ಮೇಲೆ ಕಬ್ಬಿಣದ ಕಲ್ಲು. ರೇಡಿಯೋ ಅಲೆಗೆ ಇದಕ್ಕಿಂತ ದೊಡ್ಡ ಶತ್ರು ಬೇರೆ ಬೇಕೆ? ಆ ಗೋಡೆಯ ಹಿಂದೆಯೇ ಪ್ರೊಜೆಕ್ಟರಿನ ಕೋಣೆ. ಜಗತ್ತಿನಲ್ಲಿ ಇನ್ನೆಲ್ಲೂ ಯಾರೂ ಮನೆಯೊಳಗೆ ಇಂಥ ಗೋಡೆ ಕಟ್ಟಲಾರರು, ನಮ್ಮ ಸಂಡೂರು ಹೊಸಪೇಟೆಯವರನ್ನು ಬಿಟ್ಟು. ಆ ಪ್ರೀತಿಯ ಮುಂದೆ ಬೈಯುವುದು ಹೇಗೆ? ಅವಸರದಲ್ಲಿ ಬಟನ್ನು ಒತ್ತಿ ನೋಡಿದೆ. ಪ್ರೊಜೆಕ್ಟರು ಹತ್ತಿಕೊಂಡಿತು. ಹಿಂದಿನ ಕೋಣೆಯ ಬಾಗಿಲು ತೆರೆದಿದ್ದರಿಂದ ಅಲೆ ಆ ದಾರಿಯಲ್ಲಿ ನುಸುಳಿ ಹೋಗುತ್ತಿತ್ತು. ಈ ಅದಿರು ಅಲೆಗೆ ಅಡ್ಡ ಬರುತ್ತದೆ, ಸದ್ಯ ಬಾಗಿಲು ತೆರೆದೇ ಇರಲಿ, ನಾಳೆ ಬಂದು ತಂತಿ ಎಳೆಯುತ್ತೇನೆ ಎಂದು ಪಂಪಾಪತಿಗೆ ಹೇಳಿ ನಿಟ್ಟುಸಿರು ಬಿಟ್ಟೆ.

ಊಟವಾದ ಮೇಲೆ ಬಂಧುಬಳಗ ಎಲ್ಲ ಮೇಲೆ ಬಂದು ಕುಳಿತರು. ನಡುವಿನ ಕುರ್ಚಿಯಲ್ಲಿ ಹೊಸ ಇಳಕಲ್ ಸೀರೆಯುಟ್ಟ ಈರಮ್ಮ. ಪಕ್ಕದಲ್ಲಿ ಮಗ. ಅವಳ ಕೈಗೆ ಬಟನ್ನು ಕೊಟ್ಟು, "ಒತ್ತವ್ವ" ಎಂದ. ಒತ್ತಿದಳು. ದೀಪಗಳು ಮೆಲ್ಲನೆ ತಗ್ಗಿ, ನೆಲದ ಅಂಚಿನ ಸಣ್ಣ ದೀಪಗಳು ಮಾತ್ರ ಉಳಿದವು. ಪರದೆ ಸರಸರ ಇಳಿಯಿತು. ಸ್ಪೀಕರಿನಿಂದ ತಂಬೂರಿಯ ನಾದ ಬಂತು, ಹಿಂದೆಯೇ ಗೆಜ್ಜೆಯ ಸದ್ದು, ಹೆಂಗಸಿನ ಹಾಡು.

ಪರದೆಯ ಮೇಲೆ ಮಾತ್ರ ಏನೂ ಇಲ್ಲ.

ತಿರುಗಿ ನೋಡಿದೆ. ಏಸಿಯ ತಂಪು ಹೊರಗೆ ಹೋಗಬಾರದೆಂದು ಯಾರೋ ಪುಣ್ಯಾತ್ಮರು ಹಿಂದಿನ ಕೋಣೆಯ ಬಾಗಿಲು ಎಳೆದುಬಿಟ್ಟಿದ್ದರು. ಎಲ್ಲರೂ ಬರಿ ಪರದೆಯನ್ನೇ ನೋಡುತ್ತ, ಈಗ ಬಂದೀತು ಎಂದು ಸುಮ್ಮನೆ ಕಾಯುತ್ತಿದ್ದರು. ನಾನು ಬಾಗಿಲ ಕಡೆ ಹೆಜ್ಜೆ ಹಾಕುವಷ್ಟರಲ್ಲಿ ಈರಮ್ಮನ ದನಿ ಕೇಳಿಸಿತು.

"ಅಯ್ ನಮ್ಮಪ್ಪ, ಎಷ್ಟು ಚೆಂದ ಕಾಣಾಕತ್ತೈತಲ್ಲೋ!"

ಯಾರೋ ಕಿಸಕ್ಕೆಂದರು. ಪಂಪಾಪತಿ ಕೈ ಎತ್ತಿದ, ನಗು ನಿಂತಿತು. ಅವನು ತಾಯಿಯ ಮುಖ ನೋಡಿದ. ಮುಖದ ತುಂಬ ಸಂತೋಷ, ಕಣ್ಣು ಪರದೆಗಿಂತ ಒಂದು ಮೊಳ ಆಚೆ. ಆಮೇಲೆ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ. ಅವನಿಗೆ ಅಷ್ಟೇ ಸಾಕಾಯಿತು. ಕುರ್ಚಿಯಿಂದ ಕೆಳಗೆ ಜಾರಿ ಅವಳ ಕಾಲ ಬಳಿ ನೆಲದ ಮೇಲೆ ಕುಳಿತ. 

"ಹೌದವ್ವ" ಎಂದ. "ರಾಣಿ ಬಂದ್ಲು ನೋಡು. ಹಳದಿ ಸೀರಿ ಉಟ್ಟಾಳ, ಕೆಂಪು ಅಂಚು. ಭಾಳ ಚೊಲೋ ಒಪ್ಪೈತಿ."

ಈರಮ್ಮ ಹಾಡು ಕೇಳುತ್ತಿದ್ದವಳು ತಟ್ಟನೆ ತಿರುಗಿದಳು.

"ಏನಂದಿ?"

"ಹಳದಿ ಸೀರಿ ಅಂದೆ."

"ಈ ಪಿಚ್ಚರ್ ಪೂರಾ ಕಪ್ಪು ಬಿಳುಪಲ್ಲೋ ಪಂಪಣ್ಣ. ಹಳದಿ ಎಲ್ಲಿಂದ ಬಂತು?"

 ಆಕೆ ಕೈ ಚಾಚಿ ಅವನ ತಲೆ ಹುಡುಕಿ, ಕೆನ್ನೆ ಮುಟ್ಟಿದಳು. ಕೆನ್ನೆ ಒದ್ದೆಯಾಗಿತ್ತು.

"ಗೊತ್ತಾತೇನು ನಿನಗ?"

"ಗೊತ್ತಾತವ್ವ."

"ಹೇಳಬೇಕಂತಿದ್ದೆ. ನಿನ್ನ ಹಿಗ್ಗು ನೋಡಿ ಬಾಯೇ ಬರಲಿಲ್ಲ." ಸೆರಗಿನಿಂದ ಅವನ ಮುಖ ಒರೆಸಿದಳು. "ಅಳಬ್ಯಾಡ. ಮಂದಿ ಅದಾರ. ಹಾಡು ಎಷ್ಟು ಚೊಲೋ ಕೇಳಾಕತ್ತೈತಿ, ಟೆಂಟಿನ್ಯಾಗ ಸುದ್ದಾ ಇಷ್ಟು ಚೊಲೋ ಕೇಳಿರಲಿಲ್ಲ. ಈಗ ಖರೇ ಹೇಳು, ಪರದೆ ಮ್ಯಾಲ ಏನೈತಿ?"

ಪಂಪಾಪತಿ ಪರದೆ ನೋಡಿದ. ಅಳುವಿನ ನಡುವೆಯೇ ಅವನಿಗೆ ನಗು ಬಂತು.

"ಏನೂ ಇಲ್ಲವ್ವ. ಖಾಲಿ ಐತಿ. ಕೊಟ್ರೇಶಣ್ಣನ ಮಿಷಿನ್ನಿಗೆ ನನ್ನ ಅದಿರು ಅಡ್ಡ ಬಂದೈತಿ ಕಾಣ್ತೈತಿ."

 ಈರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹಂಗಾದ್ರ ಇವತ್ತು ನನಗೂ ನಿಮಗೂ ಒಂದೇ ಪಿಚ್ಚರ್ ಬಿಡು!"

ಇಡೀ ಕೋಣೆ ನಕ್ಕಿತು, ಅಳುತ್ತಿದ್ದವರೂ ನಕ್ಕರು. ಪಕ್ಕದಲ್ಲಿದ್ದ ಶೇಖಣ್ಣ ಟವೆಲಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ನಾನು ಅಷ್ಟರಲ್ಲಿ ಹಿಂದಿನ ಕೋಣೆಯ ಬಾಗಿಲ ಹಿಡಿಗೆ ಕೈ ಹಾಕಿದ್ದೆ. ಬಾಗಿಲು ತೆರೆದು ಒಳಗೆ ಹೋಗಿ ಪ್ರೊಜೆಕ್ಟರು ಹತ್ತಿಸಿದ್ದರೆ ಚಿತ್ರ ಬಂದುಬಿಡುತ್ತಿತ್ತು. ಪಂಪಾಪತಿ ತಾಯಿಯ ಮಡಿಲಿಗೆ ತಲೆ ಇಟ್ಟುಕೊಂಡೇ ನನ್ನ ಕಡೆ ನೋಡಿ, ಬ್ಯಾಡ ಎಂದು ಕೈ ಆಡಿಸಿದ.

ನಾನು ಬಾಗಿಲು ಬಿಟ್ಟು ಗೋಡೆಗೆ ಒರಗಿ ಕುಳಿತೆ. ಅವತ್ತು ಅಷ್ಟು ಜನ, ಕಣ್ಣಿದ್ದವರು, ಬರಿ ಬಿಳಿ ಪರದೆಯ ಮುಂದೆ ಕುಳಿತು ಪೂರ್ತಿ ಪಿಚ್ಚರ್ ಕೇಳಿದೆವು. ಎಲ್ಲಿ ಯಾರು ಬಂದರು, ಯಾರು ಏನು ಉಟ್ಟಿದ್ದಾರೆ ಎಂಬುದನ್ನೆಲ್ಲ ಈರಮ್ಮನೇ ನಮಗೆ ಹೇಳುತ್ತಿದ್ದಳು.